ಎರಡನೆಯ ದಾರಿ

ಕಳೆದ ವರ್ಷ ಆಗಸ್ಟ್ ತಿಂಗಳಿನ ಒಂದು ಮಧ್ಯಾಹ್ನ, ನಾನು ಪಾಠ ಹೇಳುವ ಕಾಲೇಜಿನ ಕಂಪ್ಯೂಟರ್ ಜಾಲವು ಇದ್ದಕ್ಕಿದ್ದಂತೆ ನಿಂತುಹೋಯಿತು. ವಿದ್ಯಾರ್ಥಿಗಳ ಆಂತರಿಕ ಅಂಕಗಳನ್ನು ವಿಶ್ವವಿದ್ಯಾನಿಲಯಕ್ಕೆ ಕಳುಹಿಸಲು ಅಂದೇ ಕಡೆಯ ದಿನ. ಕಚೇರಿಯಲ್ಲಿ ಗುಮಾಸ್ತರು ಕೈಕಟ್ಟಿ ಕುಳಿತರು. ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕೆಲಸ ನಿಂತಿತು. ಪ್ರಾಂಶುಪಾಲರ ಕೊಠಡಿಯ ಮುಂದೆ ಅಧ್ಯಾಪಕರ ಸಣ್ಣ ಗುಂಪೊಂದು ಸೇರಿತು. ಭೌತವಿಜ್ಞಾನದವರಿಗೆ ವಿದ್ಯುತ್ತಿನ ವಿಷಯವೆಲ್ಲ ತಿಳಿದಿರುತ್ತದೆಂಬ ಉದಾರವಾದ ನಂಬಿಕೆಯಿಂದ ನನ್ನನ್ನು ಜಾಲದ ಉಸ್ತುವಾರಿಗೆ ಸೇರಿಸಿದ್ದುದರಿಂದ, ಎಲ್ಲರೂ ನನ್ನ ಮುಖವನ್ನು ನೋಡತೊಡಗಿದರು.

ಎಲ್ಲಿಯೂ ತಂತಿ ಕಡಿದಿರಲಿಲ್ಲ. ವಿದ್ಯುತ್ತು ಸರಿಯಾಗಿತ್ತು. ಪ್ರತಿಯೊಂದು ಸ್ವಿಚ್ಚಿನ ಮುಂಭಾಗದಲ್ಲಿಯೂ ಹಸುರು ದೀಪಗಳು ಉರಿಯುತ್ತಿದ್ದುವು. ಉರಿಯುತ್ತಿದ್ದುವು ಮಾತ್ರವಲ್ಲ, ಎಲ್ಲವೂ ಒಂದೇ ಸಮನೆ, ಹುಚ್ಚು ಹಿಡಿದಂತೆ ಮಿನುಗುತ್ತಿದ್ದುವು. ಎರಡೂವರೆ ಗಂಟೆಗಳ ಕಾಲ ಮಹಡಿಯಿಂದ ಮಹಡಿಗೆ ಅಲೆದ ಮೇಲೆ ಕಾರಣ ಸಿಕ್ಕಿತು. ಮೊದಲನೆಯ ಮಹಡಿಯ ಪ್ರಯೋಗಾಲಯದಲ್ಲಿ ಬೆಳಿಗ್ಗೆ ನೆಲ ಗುಡಿಸಿದ ಅಟೆಂಡರು, ಮೇಜಿನ ಕೆಳಗೆ ನೇತಾಡುತ್ತಿದ್ದ ತಂತಿಯೊಂದರ ತುದಿಯನ್ನು ಕಂಡು, ಅದನ್ನು ಒಪ್ಪವಾಗಿ ಖಾಲಿಯಿದ್ದ ಪೋರ್ಟಿಗೆ ಸಿಕ್ಕಿಸಿದ್ದರು. ಆ ತಂತಿಯ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿಯೇ ಇತ್ತು. “ವೈರು ನೇತಾಡ್ತಿತ್ತು ಸಾರ್, ಸಿಕ್ಕಿಸ್ದೆ, ಅಷ್ಟೇ” ಎಂದು ಅವರು ಹೇಳಿದರು. ಅದನ್ನು ಕಿತ್ತೊಡನೆಯೇ ಇಡೀ ಕಾಲೇಜಿನ ಜಾಲವು ಜೀವಂತವಾಯಿತು.

ಆತನನ್ನು ಗದರಿಸಿದವರುಂಟು. ನಾನು ಗದರಿಸಲಿಲ್ಲ, ಏಕೆಂದರೆ ತಪ್ಪು ಆತನದಾಗಿರಲಿಲ್ಲ. ತಂತಿ ಕಡಿಮೆಯಾದರೆ ಜಾಲವು ನಿಲ್ಲುವುದು ಸಹಜ; ತಂತಿ ಹೆಚ್ಚಾದುದರಿಂದ ಜಾಲವು ಏಕೆ ನಿಲ್ಲಬೇಕು? ಈ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳು ಮರುದಿನ ತರಗತಿಯಲ್ಲಿ ಕೇಳಿದರು. ಅದಕ್ಕೆ ಕೊಟ್ಟ ಉತ್ತರವನ್ನೂ, ಆ ಉತ್ತರದಿಂದ ನನ್ನಲ್ಲಿ ಬೆಳೆದ ಒಂದು ಅಭಿಪ್ರಾಯವನ್ನೂ ಇಲ್ಲಿ ವಾಚಕರ ಮುಂದಿಡುತ್ತೇನೆ.

ಮೊದಲು ಹೆಸರಿನ ವಿಷಯ. ನಮ್ಮ ಕಚೇರಿ, ಶಾಲೆ, ಆಸ್ಪತ್ರೆಗಳಲ್ಲಿ ಕಂಪ್ಯೂಟರುಗಳನ್ನು ಜೋಡಿಸುವ ಈ ಕ್ರಮಕ್ಕೆ ಈಥರ್‌ನೆಟ್ ಎಂದು ಹೆಸರು. ಈಥರ್ ಎಂಬುದು ಭೌತವಿಜ್ಞಾನದ ವಿದ್ಯಾರ್ಥಿಗೆ ಹಳೆಯ ಪರಿಚಯ. ಬೆಳಕಿನ ಅಲೆಗಳನ್ನು ಹೊತ್ತೊಯ್ಯಲು ವಿಶ್ವವನ್ನೆಲ್ಲ ತುಂಬಿದ ಒಂದು ಮಾಧ್ಯಮವಿರಬೇಕೆಂದು ಹತ್ತೊಂಬತ್ತನೆಯ ಶತಮಾನದ ಪಂಡಿತರು ನಂಬಿದ್ದರು. ೧೮೮೭ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲೆಯವರು ಅದನ್ನು ಹಿಡಿಯಲು ಹೋಗಿ ಬರಿಗೈಯಲ್ಲಿ ಮರಳಿದರು. ೧೯೭೩ರ ಮೇ ತಿಂಗಳಿನಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾಲಯದಲ್ಲಿದ್ದ ರಾಬರ್ಟ್ ಮೆಟ್‌ಕಾಫ್ ಅವರು, ಎಲ್ಲ ಯಂತ್ರಗಳೂ ಒಂದೇ ಕೇಬಲಿಗೆ ತಗಲಿಕೊಂಡು ಒಬ್ಬರ ಮಾತನ್ನು ಎಲ್ಲರೂ ಕೇಳುವ ತಮ್ಮ ಯೋಜನೆಗೆ ಈ ಸತ್ತುಹೋದ ಈಥರಿನ ಹೆಸರನ್ನೇ ಇಟ್ಟರು. ಅಂದು ಅದು ನಿಜವಾಗಿಯೂ ಎಲ್ಲರಿಗೂ ಸಮಾನವಾದ ಮಾಧ್ಯಮವಾಗಿತ್ತು. ಕೇಬಲು ಒಂದೆಡೆ ಕೆಟ್ಟರೆ ಎಲ್ಲರ ಬಾಯಿಯೂ ಕಟ್ಟುತ್ತಿತ್ತು. ಈಗ ಆ ಒಂದೇ ಕೇಬಲಿನ ಸ್ಥಾನದಲ್ಲಿ ಸ್ವಿಚ್ಚುಗಳು ಬಂದಿವೆ. (೧೯೯೦ರಲ್ಲಿ ಮೊದಲ ಈಥರ್‌ನೆಟ್ ಸ್ವಿಚ್ಚನ್ನು ಮಾರಿದ ಅಮೆರಿಕದ ಸಂಸ್ಥೆಗೆ ‘ಕಲ್ಪನಾ’ ಎಂಬ ಹೆಸರಿದ್ದಿತೆಂಬುದನ್ನು ಕೇಳಿ ನನ್ನ ತರಗತಿಯ ಒಬ್ಬ ಕಲ್ಪನಾ ಬಹಳ ಸಂತೋಷಪಟ್ಟಳು.)

ಸ್ವಿಚ್ಚಿನ ಕೆಲಸವನ್ನು ಬಡಾವಣೆಯ ಅಂಚೆಯವನ ಕೆಲಸಕ್ಕೆ ಹೋಲಿಸಬಹುದು. ಸಂದೇಶಗಳು ಫ್ರೇಮ್ ಎಂಬ ಸಣ್ಣ ಸಣ್ಣ ಕಟ್ಟುಗಳಾಗಿ ಬರುತ್ತವೆ. ಪ್ರತಿಯೊಂದರ ಮೇಲೂ ಕಳುಹಿಸಿದ ಯಂತ್ರದ ಮತ್ತು ಸೇರಬೇಕಾದ ಯಂತ್ರದ ವಿಳಾಸಗಳಿರುತ್ತವೆ. ಯಾವ ಪೋರ್ಟಿನಿಂದ ಯಾರ ಫ್ರೇಮು ಬಂದಿತೆಂಬುದನ್ನು ನೋಡಿ ಸ್ವಿಚ್ಚು ವಿಳಾಸಗಳನ್ನು ತಾನಾಗಿಯೇ ಕಲಿಯುತ್ತದೆ. ವಿಳಾಸ ತಿಳಿಯದಿದ್ದರೆ, ಅಥವಾ ಫ್ರೇಮು ‘ಎಲ್ಲರಿಗೂ’ ಎಂದು ಬರೆದ ಸಾರ್ವತ್ರಿಕ ಫ್ರೇಮಾಗಿದ್ದರೆ, ಅದು ಬಂದ ಪೋರ್ಟೊಂದನ್ನು ಬಿಟ್ಟು ಉಳಿದೆಲ್ಲ ಪೋರ್ಟುಗಳಿಗೂ ಒಂದೊಂದು ಪ್ರತಿಯನ್ನು ಕಳುಹಿಸುತ್ತದೆ.

ಕಷ್ಟವು ಈ ‘ಪ್ರತಿ’ ಎಂಬ ಮಾತಿನಲ್ಲಿಯೇ ಇದೆ. ವಿದ್ಯುನ್ಮಂಡಲಗಳಲ್ಲಿ ನಾವು ಸುತ್ತುಗಳನ್ನು ಧಾರಾಳವಾಗಿ ಬಳಸುತ್ತೇವೆ. ಯಾವ ಅಪಾಯವೂ ಆಗುವುದಿಲ್ಲ. ಕಿರ್ಕಾಫನ ಮೊದಲನೆಯ ನಿಯಮವನ್ನು ನೆನೆಯಿರಿ: ಒಂದು ಸಂಧಿಗೆ ಎಷ್ಟು ಪ್ರವಾಹ ಬರುತ್ತದೆಯೋ ಅಷ್ಟೇ ಹೊರಗೆ ಹೋಗಬೇಕು. ವಿದ್ಯುದಂಶವು ಸಂಧಿಯಲ್ಲಿ ಹಂಚಿಹೋಗುತ್ತದೆಯೇ ಹೊರತು ಹುಟ್ಟುವುದಿಲ್ಲ. ಸ್ವಿಚ್ಚಿಗೆ ಈ ನಿಯಮವಿಲ್ಲ. ಅಲ್ಲಿಗೆ ಒಂದು ಸಾರ್ವತ್ರಿಕ ಫ್ರೇಮು ಬಂದರೆ ಇಪ್ಪತ್ತಮೂರು ಹೊರಗೆ ಹೋಗಬಹುದು. ಹೊರಗೆ ಹೋದವುಗಳಲ್ಲಿ ಒಂದು ಸುತ್ತಿಕೊಂಡು ಮತ್ತೆ ಅದೇ ಸ್ವಿಚ್ಚಿಗೆ ಬಂದರೆ? ಸ್ವಿಚ್ಚು ಅದನ್ನು ಹೊಸದೆಂದೇ ಭಾವಿಸಿ ಪುನಃ ಎಲ್ಲರಿಗೂ ಹಂಚುತ್ತದೆ. ಅಂತರ್ಜಾಲದ ಪೊಟ್ಟಣಗಳ ಮೇಲೆ ‘ಇಷ್ಟು ಹೆಜ್ಜೆಗಳಾದ ಮೇಲೆ ಇದನ್ನು ಬಿಸಾಡತಕ್ಕದ್ದು’ ಎಂಬ ಆಯುಷ್ಯದ ಎಣಿಕೆಯೊಂದಿರುತ್ತದೆ. ಈಥರ್‌ನೆಟ್ ಫ್ರೇಮಿಗೆ ಅಂತಹ ಆಯುಷ್ಯವಿಲ್ಲ. ಅದಕ್ಕೆ ಮರಣವೇ ಇಲ್ಲವೆಂದಂತಾಯಿತು.

ಜಾಲದ ಪ್ರತಿಯೊಂದು ಯಂತ್ರವೂ ಆಗಾಗ ‘ಇಂತಹ ವಿಳಾಸದವರು ಯಾರು?’ ಎಂದು ಎಲ್ಲರನ್ನೂ ಕೇಳುತ್ತಿರುತ್ತದೆ. ಸುತ್ತು ಇದ್ದಲ್ಲಿ ಇಂತಹ ಪ್ರತಿಯೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ, ಯಾವುದೂ ಹೊರಬೀಳುವುದಿಲ್ಲ. ತಂತಿ ತುಂಬುವವರೆಗೆ ಇದು ನಡೆಯುತ್ತದೆ. ಎಷ್ಟು ತುಂಬುತ್ತದೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಅತಿ ಚಿಕ್ಕ ಫ್ರೇಮಿನ ಉದ್ದ ೬೪ ಬೈಟುಗಳು. ಅದರ ಮುಂದೆ ೮ ಬೈಟುಗಳ ಪೀಠಿಕೆ, ಹಿಂದೆ ೧೨ ಬೈಟುಗಳಷ್ಟು ಕಾಲದ ಬಿಡುವು. ಒಟ್ಟು ೮೪ ಬೈಟುಗಳು, ಎಂದರೆ ೬೭೨ ಬಿಟ್ಟುಗಳು. ಸೆಕೆಂಡಿಗೆ ನೂರು ಕೋಟಿ ಬಿಟ್ಟುಗಳನ್ನು ಸಾಗಿಸುವ ತಂತಿಯಲ್ಲಿ ಸೆಕೆಂಡಿಗೆ ೧೪,೮೮,೦೯೫ ಫ್ರೇಮುಗಳು. ಅಂದು ನಮ್ಮ ಕಾಲೇಜಿನ ಪ್ರತಿಯೊಂದು ಕಂಪ್ಯೂಟರಿನ ಬಾಗಿಲನ್ನೂ ಹಳೆಯ ಪ್ರಶ್ನೆಗಳ ಪ್ರತಿಗಳ ಇಂತಹ ಪ್ರವಾಹವೊಂದು ತಟ್ಟುತ್ತಿತ್ತು. ಇದನ್ನು ಬಲ್ಲವರು ಬಿರುಗಾಳಿಯೆಂದು ಕರೆಯುತ್ತಾರೆ, ಹೆಸರು ಅತಿಶಯೋಕ್ತಿಯಲ್ಲ.

ಹಾಗಾದರೆ ಸುತ್ತುಗಳೇ ಬೇಡ, ಪ್ರತಿಯೊಂದು ಸ್ಥಳಕ್ಕೂ ಒಂದೇ ದಾರಿಯಿರಲಿ ಎಂದು ಹೇಳಿ ಮುಗಿಸಬಹುದಲ್ಲವೆ? ಸಾಧ್ಯವಿಲ್ಲ. ಒಂದೇ ದಾರಿಯಿದ್ದರೆ ಅದು ಕಡಿದಂದು ಆಚೆಯವರು ಆಚೆಯೇ ಉಳಿಯುತ್ತಾರೆ. ಒಂದು ಕೊಂಡಿಯು ನೂರರಲ್ಲಿ ಒಂದು ಪಾಲು ಕಾಲ ಕೆಟ್ಟಿರುತ್ತದೆಂದು ಇಟ್ಟುಕೊಳ್ಳಿ. ಅಂತಹ ಎರಡು ಕೊಂಡಿಗಳು ಒಟ್ಟಿಗೆ ಕೆಟ್ಟಿರುವ ಸಂಭಾವ್ಯತೆ ಹತ್ತು ಸಾವಿರದಲ್ಲಿ ಒಂದು. ಎರಡನೆಯ ತಂತಿಯ ಬೆಲೆಗೆ ನೂರು ಪಟ್ಟು ನೆಮ್ಮದಿ ದೊರೆತಂತೆ. ಆದರೆ ಈ ಗುಣಾಕಾರವು ಸರಿಯಾಗಬೇಕಾದರೆ ಎರಡು ಘಟನೆಗಳೂ ಪರಸ್ಪರ ಸ್ವತಂತ್ರವಾಗಿರಬೇಕೆಂಬ ಷರತ್ತೊಂದು ಪಠ್ಯಪುಸ್ತಕದಲ್ಲಿ ಇರುತ್ತದೆ. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಪಡೆದವರೇ, ಮುಂದೆ ಎರಡು ಕೇಬಲುಗಳನ್ನೂ ಒಂದೇ ಕೊಳವೆಯಲ್ಲಿ, ಒಂದೇ ಕಾಲುವೆಯಲ್ಲಿ ಹೂಳುತ್ತಾರೆ. ಬೆಂಗಳೂರಿನ ರಸ್ತೆಗಳನ್ನು ನೋಡಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ನೀರಿನ ಕೊಳವೆಗೆಂದು ಬಂದ ಅಗೆಯುವ ಯಂತ್ರವು ಸಂಭಾವ್ಯತೆಯ ಪಾಠವನ್ನು ಓದಿರುವುದಿಲ್ಲ. ಒಂದೇ ಹೊಡೆತಕ್ಕೆ ಎರಡನ್ನೂ ಮೇಲೆತ್ತುತ್ತದೆ.

ಹೀಗೆ ಸುತ್ತು ಬೇಕು, ಆದರೆ ಸುತ್ತು ಇರಕೂಡದು. ಈ ಗಂಟನ್ನು ಬಿಡಿಸಿದವರು ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ವಿದುಷಿ. ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿದ್ದಾಗ ಆಕೆ ಕಂಡುಹಿಡಿದು, ೧೯೮೫ರಲ್ಲಿ ಪ್ರಕಟಿಸಿದ ಕ್ರಮಕ್ಕೆ ಸ್ಪ್ಯಾನಿಂಗ್ ಟ್ರೀ ಎಂದು ಹೆಸರು. ಎಲ್ಲ ಸ್ವಿಚ್ಚುಗಳನ್ನೂ ಮುಟ್ಟುವ, ಆದರೆ ಎಲ್ಲಿಯೂ ಸುತ್ತಿಕೊಳ್ಳದ ಮರವೊಂದನ್ನು ಜಾಲದೊಳಗೆ ಆರಿಸಿಕೊಳ್ಳುವ ವಿಧಾನವದು. ಮರಕ್ಕೆ ಸೇರದ ಕೊಂಡಿಗಳನ್ನು ಕೀಳುವುದಿಲ್ಲ. ಅವುಗಳ ಬಾಗಿಲನ್ನು ಮುಚ್ಚಿ ಕಾಯ್ದಿಡುತ್ತಾರೆ. ಮರದ ಕೊಂಬೆಯೊಂದು ಮುರಿದರೆ ಮುಚ್ಚಿದ ಬಾಗಿಲೊಂದು ತೆರೆಯುತ್ತದೆ.

ಇಲ್ಲಿ ನಮ್ಮ ಕಿರ್ಕಾಫ್ ಮತ್ತೊಮ್ಮೆ ಬರುತ್ತಾನೆ. ವಿದ್ಯುನ್ಮಂಡಲದಲ್ಲಿ ಎಷ್ಟು ಸ್ವತಂತ್ರವಾದ ಸುತ್ತುಗಳಿವೆಯೆಂಬುದನ್ನು ತಿಳಿಯಲು ಅವನು ೧೮೪೭ರಲ್ಲಿಯೇ ಇಂತಹ ಮರಗಳನ್ನು ಬಳಸಿದ್ದನು. ಕೊಂಡಿಗಳ ಸಂಖ್ಯೆಯಿಂದ ಸಂಧಿಗಳ ಸಂಖ್ಯೆಯನ್ನು ಕಳೆದು ಒಂದನ್ನು ಕೂಡಿಸಿದರೆ ಬರುವುದೇ ಆ ಸಂಖ್ಯೆ. ನೀವು ಕಿರ್ಕಾಫನ ಎರಡನೆಯ ನಿಯಮದಿಂದ ಬರೆಯಬೇಕಾದ ಸಮೀಕರಣಗಳು ಎಷ್ಟೋ, ಅಷ್ಟೇ ಕೊಂಡಿಗಳನ್ನು ಸ್ವಿಚ್ಚುಗಳ ಜಾಲದಲ್ಲಿ ಮುಚ್ಚಬೇಕಾಗುತ್ತದೆ. ಹತ್ತು ಸ್ವಿಚ್ಚುಗಳನ್ನು ಪ್ರತಿಯೊಂದಕ್ಕೂ ಪ್ರತಿಯೊಂದು ಸೇರುವಂತೆ ಜೋಡಿಸಿದರೆ ಕೊಂಡಿಗಳು ೪೫. ಅವುಗಳಲ್ಲಿ ೯ ಕೆಲಸ ಮಾಡುತ್ತವೆ, ೩೬ ಕಾದಿರುತ್ತವೆ. ಆ ಒಂಬತ್ತನ್ನು ಎಷ್ಟು ವಿಧವಾಗಿ ಆರಿಸಬಹುದು? ಕೇಲಿಯ ಸೂತ್ರದ ಪ್ರಕಾರ ಹತ್ತು ಕೋಟಿ ವಿಧವಾಗಿ! ಈ ಹತ್ತು ಕೋಟಿ ಮರಗಳಲ್ಲಿ ಒಂದನ್ನು, ಮೇಲಧಿಕಾರಿಯಿಲ್ಲದೆ, ಜಾಲದ ನಕ್ಷೆಯನ್ನು ಯಾರೂ ನೋಡದೆ, ಎಲ್ಲ ಸ್ವಿಚ್ಚುಗಳೂ ಒಪ್ಪಬೇಕು.

ಪರ್ಲ್‌ಮನ್ ಅವರ ಉಪಾಯ ಬಹಳ ಸರಳ. ಪ್ರತಿಯೊಂದು ಸ್ವಿಚ್ಚಿಗೂ ಒಂದು ಸಂಖ್ಯೆಯುಂಟು. ಮೊದಲಿಗೆ ಪ್ರತಿಯೊಂದೂ ‘ನಾನೇ ಬೇರು’ ಎಂದು ನೆರೆಯವರಿಗೆ ಸಾರುತ್ತದೆ. ತನಗಿಂತ ಚಿಕ್ಕ ಸಂಖ್ಯೆಯವನ ಮಾತು ಕಿವಿಗೆ ಬಿದ್ದೊಡನೆ ತನ್ನ ಹಕ್ಕನ್ನು ಬಿಟ್ಟು, ಆ ಬೇರಿಗೆ ಹತ್ತಿರವಾದ ದಾರಿ ಯಾವುದೆಂದು ನೋಡಿಕೊಳ್ಳುತ್ತದೆ. ಕೆಲವು ಕ್ಷಣಗಳಲ್ಲಿ ಎಲ್ಲವೂ ಒಬ್ಬನನ್ನೇ ಬೇರೆಂದು ಒಪ್ಪಿರುತ್ತವೆ. (ಒಬ್ಬನೇ ತಯಾರಕನ ಸ್ವಿಚ್ಚುಗಳಲ್ಲಿ ಚಿಕ್ಕ ಸಂಖ್ಯೆ ಸಾಮಾನ್ಯವಾಗಿ ಹಳೆಯದಕ್ಕೆ ಇರುತ್ತದಾದುದರಿಂದ, ಯಾರೂ ಗಮನಿಸದಿದ್ದರೆ ಮೂಲೆಯ ಉಗ್ರಾಣದಲ್ಲಿ ಧೂಳು ತಿನ್ನುತ್ತಿರುವ ಮುದಿ ಯಂತ್ರವೇ ಅರಸನಾಗುವ ವಿನೋದವೂ ಉಂಟು.) ೧೯೯೦ರಲ್ಲಿ ಈ ಕ್ರಮವು ೮೦೨.೧ಡಿ ಎಂಬ ಅಂತರರಾಷ್ಟ್ರೀಯ ನಿಯಮಾವಳಿಯಾಯಿತು.

ನಮ್ಮ ಕಾಲೇಜಿನ ಸ್ವಿಚ್ಚುಗಳಲ್ಲಿಯೂ ಈ ವ್ಯವಸ್ಥೆ ಇತ್ತು. ಆದರೂ ಬಿರುಗಾಳಿ ಏಕೆ ಬಂದಿತು? ಹಿಂದೆ ಯಾರೋ ಅದನ್ನು ಆರಿಸಿಬಿಟ್ಟಿದ್ದರು! ಅವರಿಗೂ ಕಾರಣವಿತ್ತು. ಹಳೆಯ ಕ್ರಮದಲ್ಲಿ ಹೊಸದಾಗಿ ತಗಲಿಸಿದ ಪೋರ್ಟು, ಸುತ್ತು ಉಂಟಾಗುವುದೋ ಎಂದು ೧೫ ಸೆಕೆಂಡು ಆಲಿಸಿ, ೧೫ ಸೆಕೆಂಡು ವಿಳಾಸಗಳನ್ನು ಕಲಿತು, ಆಮೇಲೆ ತೆರೆಯುತ್ತದೆ. ಕಂಪ್ಯೂಟರನ್ನು ಹೊತ್ತಿಸಿದ ಮೇಲೆ ಅರ್ಧ ನಿಮಿಷ ಜಾಲ ಸಿಕ್ಕದೆಂಬ ದೂರು ಬಂದಿತು. ದೂರನ್ನು ಪರಿಹರಿಸಲು ಕಾವಲುಗಾರನನ್ನೇ ಮನೆಗೆ ಕಳುಹಿಸಿದರು. ಕಂಪ್ಯೂಟರು ಮಾತ್ರ ಇರುವ ಪೋರ್ಟುಗಳನ್ನು ‘ಅಂಚಿನವು’ ಎಂದು ಗುರುತಿಸಿ ಅವುಗಳಿಗೆ ಈ ಕಾಯುವಿಕೆಯನ್ನು ತಪ್ಪಿಸುವ ಅವಕಾಶವು ಅದೇ ಯಂತ್ರದಲ್ಲಿಯೇ ಇತ್ತು.

ಈಗ ನನ್ನ ಮನಸ್ಸನ್ನು ಬಹಳವಾಗಿ ಹಿಡಿದ ಭಾಗಕ್ಕೆ ಬರುತ್ತೇನೆ. ನೆರೆಯವನು ಸತ್ತನೆಂಬುದು ಸ್ವಿಚ್ಚಿಗೆ ಹೇಗೆ ತಿಳಿಯಬೇಕು? ತಂತಿಯಲ್ಲಿ ಸಂಕೇತವೇ ನಿಂತುಹೋದರೆ ಒಡನೆಯೇ ತಿಳಿಯುತ್ತದೆ. ಆದರೆ ನಡುವೆ ಬೆಳಕಿನ ತಂತುವನ್ನೂ ತಾಮ್ರವನ್ನೂ ಕೂಡಿಸುವ ಸಣ್ಣ ಪೆಟ್ಟಿಗೆಯೊಂದಿದ್ದು, ಅದರಾಚೆಗೆ ದಾರಿ ಕಡಿದಿದ್ದರೆ, ಈಚೆಯ ದೀಪವು ಎಂದಿನಂತೆಯೇ ಉರಿಯುತ್ತಿರಬಹುದು. ಆಗ ಉಳಿಯುವ ಸಾಕ್ಷ್ಯ ಒಂದೇ: ಮೌನ. ಬೇರಿನಿಂದ ಎರಡು ಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂಬ ಸುದ್ದಿ ಬರುತ್ತಿರಬೇಕು. ಇಪ್ಪತ್ತು ಸೆಕೆಂಡು ಅದು ಬಾರದಿದ್ದರೆ ದಾರಿ ಕಡಿದಿದೆಯೆಂದು ತೀರ್ಮಾನಿಸಿ, ಮುಂದಿನ ಮೂವತ್ತು ಸೆಕೆಂಡುಗಳಲ್ಲಿ ಮುಚ್ಚಿದ ಬಾಗಿಲನ್ನು ತೆರೆಯುತ್ತಾರೆ. ಒಟ್ಟು ಐವತ್ತು ಸೆಕೆಂಡು. ೨೦೦೧ರಲ್ಲಿ ಬಂದ ತ್ವರಿತ ಕ್ರಮದಲ್ಲಿ ಮೂರು ಸುದ್ದಿಗಳು ತಪ್ಪಿದರೆ, ಎಂದರೆ ಆರು ಸೆಕೆಂಡಿಗೆ, ಅದೇ ತೀರ್ಮಾನ. ಕೊಂಡಿ ಕಡಿದುದು ನೇರವಾಗಿ ಕಂಡರೆ ಸೆಕೆಂಡಿನ ಅಲ್ಪಾಂಶದಲ್ಲಿಯೇ ಬದಲಿ ದಾರಿ ಸಿದ್ಧ.

ಆದರೆ ಮೌನಕ್ಕೆ ಎರಡು ಅರ್ಥಗಳುಂಟು. ಮಾತನಾಡುವವನು ಸತ್ತಿರಬಹುದು, ಅಥವಾ ಗದ್ದಲದಲ್ಲಿ ಅವನ ಮಾತು ಕೇಳಿಸದಿರಬಹುದು. ಎರಡನೆಯದನ್ನು ಮೊದಲನೆಯದೆಂದು ತಿಳಿದರೆ, ಸರಿಯಾಗಿಯೇ ಇರುವ ದಾರಿಯ ಪಕ್ಕದಲ್ಲಿ ಮತ್ತೊಂದು ದಾರಿಯನ್ನು ತೆರೆದಂತಾಗಿ, ಸುತ್ತು ಕೂಡಿಕೊಂಡು, ಬಿರುಗಾಳಿ ಎದ್ದು, ಗದ್ದಲ ಇನ್ನೂ ಹೆಚ್ಚಿ, ಇನ್ನಷ್ಟು ಸುದ್ದಿಗಳು ತಪ್ಪುತ್ತವೆ. ರಕ್ಷಣೆಗೆಂದು ಇಟ್ಟ ದಾರಿಯೇ ಜಾಲವನ್ನು ಮುಳುಗಿಸುತ್ತದೆ.

ಇದು ಬರಿಯ ಊಹೆಯಲ್ಲ. ೨೦೦೨ರ ನವೆಂಬರ್ ೧೩ರಂದು ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರದಲ್ಲಿ ಜಾಲವು ಕುಸಿಯಿತು. ಆಸ್ಪತ್ರೆಯು ಬೆಳೆದಂತೆಲ್ಲ ಸ್ವಿಚ್ಚಿಗೆ ಸ್ವಿಚ್ಚನ್ನು ಸೇರಿಸುತ್ತ ಹೋಗಿದ್ದರು. ಸ್ಪ್ಯಾನಿಂಗ್ ಟ್ರೀಯ ಸಾಮಾನ್ಯ ಕಾಲಮಾನಗಳು, ಒಂದು ತುದಿಯಿಂದ ಇನ್ನೊಂದು ತುದಿಗೆ ಏಳು ಸ್ವಿಚ್ಚುಗಳಿಗಿಂತ ಹೆಚ್ಚಿಲ್ಲದ ಜಾಲಕ್ಕೆಂದು ಲೆಕ್ಕ ಹಾಕಿದವು. ಅಲ್ಲಿ ಆ ಎಲ್ಲೆಯನ್ನು ಮೀರಿದ್ದುದು ಯಾರ ಗಮನಕ್ಕೂ ಬಂದಿರಲಿಲ್ಲ. ದತ್ತಾಂಶದ ಭಾರ ಹೆಚ್ಚಿದ ಒಂದು ದಿನ ಸುತ್ತುಗಳು ಉಂಟಾದುವು. ಬಿಟ್ಟು ಬಿಟ್ಟು ಏಳುವ, ಮತ್ತೆ ಬೀಳುವ ಜಾಲದೊಡನೆ ಸುಮಾರು ನಾಲ್ಕು ದಿನ ಹೋರಾಟವಾಯಿತು. ಅಷ್ಟು ದಿನವೂ ವೈದ್ಯರು, ದಾದಿಯರು ಕಾಗದಕ್ಕೆ ಮರಳಿದರು: ಔಷಧದ ಚೀಟಿ, ರಕ್ತಪರೀಕ್ಷೆಯ ವರದಿ ಎಲ್ಲವೂ ಕೈಬರಹದಲ್ಲಿ, ಕಾಲುನಡಿಗೆಯಲ್ಲಿ. ಕಾಗದದ ಕೆಲಸವನ್ನು ಎಂದೂ ಮಾಡಿರದ ಕಿರಿಯ ವೈದ್ಯರಿಗೆ ಹಿರಿಯರು ಹೇಳಿಕೊಡಬೇಕಾಯಿತು. ಆ ಸಂಸ್ಥೆಯ ಮಾಹಿತಿ ವಿಭಾಗದ ಮುಖ್ಯಸ್ಥರಾಗಿದ್ದ ವೈದ್ಯ ಜಾನ್ ಹಲಾಮ್ಕ ಅವರು ಈ ಸೋಲನ್ನು ಮುಚ್ಚಿಡದೆ ಬಹಿರಂಗವಾಗಿ ವಿವರಿಸಿದರು. ಇಂದು ನಾನು ಇದನ್ನು ನಿಮಗೆ ಹೇಳಲು ಸಾಧ್ಯವಾಗಿರುವುದು ಅದರಿಂದಲೇ. ನಮ್ಮಲ್ಲಿ ಇಂತಹ ವರದಿಗಳು ಪ್ರಕಟವಾಗುವುದು ಅಪರೂಪ; ಅದಕ್ಕಾಗಿ ನನಗೆ ಬಹಳ ವ್ಯಸನವಿದೆ.

ಕಾದಿರುವ ತಂತಿಯ ವಿಷಯದಲ್ಲಿ ಒಂದು ವಾದವನ್ನು ಪದೇ ಪದೇ ಕೇಳುತ್ತೇವೆ: ದುಡ್ಡು ಕೊಟ್ಟು ಹಾಕಿಸಿದ ತಂತಿ ಸುಮ್ಮನೆ ಮಲಗಿದೆಯಲ್ಲ, ಎರಡನ್ನೂ ದುಡಿಸಬಾರದೆ? ದುಡಿಸಬಹುದು. ಎರಡು ಅಥವಾ ಹೆಚ್ಚು ತಂತಿಗಳನ್ನು ಒಂದೇ ಕೊಂಡಿಯೆಂಬಂತೆ ಕಟ್ಟುವ ವಿಧಾನವು ೨೦೦೦ದಲ್ಲಿಯೇ ನಿಯಮಬದ್ಧವಾಯಿತು. ಸುತ್ತೂ ಇಲ್ಲ, ಮಲಗಿದ ತಂತಿಯೂ ಇಲ್ಲ. ಒಂದು ಕಡಿದರೆ ಅದರ ಭಾರವನ್ನು ಉಳಿದವು ಹೊರುತ್ತವೆ. ಬಹಳ ಒಳ್ಳೆಯ ವಿಧಾನ. ಆದರೆ ಇದರಲ್ಲೊಂದು ಬಲೆ ಇದೆ. ತಲಾ ಒಂದು ಗಿಗಾಬಿಟ್ಟಿನ ಎರಡು ತಂತಿಗಳನ್ನು ಕಟ್ಟಿದಾಗ ಎರಡು ಗಿಗಾಬಿಟ್ಟು ದೊರೆಯಿತೆಂದು ಎಲ್ಲರೂ ಹಿಗ್ಗುತ್ತಾರೆ. ವರ್ಷ ಕಳೆಯುವುದರೊಳಗೆ ಬಳಕೆಯು ಒಂದೂವರೆಗೆ ಏರುತ್ತದೆ. ಅಂದು ಒಂದು ತಂತಿ ಕಡಿದರೆ, ಒಂದನ್ನು ಹೊರಬಲ್ಲ ತಂತಿಯ ಮೇಲೆ ಒಂದೂವರೆಯ ಭಾರ. ಎರಡು ಎತ್ತುಗಳ ಹೊರೆಯನ್ನು ಒಂದು ಎತ್ತು ಎಳೆಯಲಾರದು. ಎರಡು ತಂತಿಗಳ ಒಟ್ಟು ಬಳಕೆಯು ಒಂದು ತಂತಿಯ ಶಕ್ತಿಯನ್ನು ಮೀರಿದ ದಿನವೇ ನಿಮ್ಮ ಎರಡನೆಯ ದಾರಿ ಕಣ್ಮರೆಯಾಯಿತು. ತಂತಿ ಮಾತ್ರ ಗೋಡೆಯ ಮೇಲೆ ಉಳಿದಿದೆ. ಮಲಗಿರುವ ತಂತಿಯನ್ನು ಕಂಡು ಕರುಬುವವರು ಈ ಲೆಕ್ಕವನ್ನು ತಿಂಗಳಿಗೊಮ್ಮೆ ನೋಡುವುದು ಮೇಲು.

ಅರ್ಧ ಸೆಕೆಂಡಿನ ತಡೆಯನ್ನೂ ಸಹಿಸದ ಸ್ಥಳಗಳಿವೆ. ವಿದ್ಯುತ್ ಉಪಕೇಂದ್ರಗಳ ರಕ್ಷಣಾ ಸಾಧನಗಳು ಅಂತಹವು. ಅಲ್ಲಿ ಪ್ರತಿಯೊಂದು ಫ್ರೇಮಿನ ಎರಡು ಪ್ರತಿಗಳನ್ನು, ಕ್ರಮಸಂಖ್ಯೆ ಬರೆದು, ಎರಡು ಬೇರೆ ಬೇರೆ ಜಾಲಗಳಲ್ಲಿ ಒಟ್ಟಿಗೆ ಕಳುಹಿಸುತ್ತಾರೆ. ಮೊದಲು ಬಂದುದನ್ನು ಇಟ್ಟುಕೊಂಡು ಎರಡನೆಯದನ್ನು ಬಿಸಾಡುತ್ತಾರೆ. ಒಂದು ಜಾಲವೇ ಸತ್ತರೂ ಒಂದು ಕ್ಷಣವೂ ನಷ್ಟವಿಲ್ಲ. ಖರ್ಚು ಮಾತ್ರ ಎಲ್ಲದಕ್ಕೂ ಎರಡರಷ್ಟು. ಇನ್ನು ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಮರವನ್ನೇ ಬಿಟ್ಟು, ಆಯುಷ್ಯದ ಎಣಿಕೆಯುಳ್ಳ ಅಂತರ್ಜಾಲದ ಕ್ರಮದಿಂದ ಎಲ್ಲ ದಾರಿಗಳನ್ನೂ ಒಟ್ಟಿಗೆ ಬಳಸುವುದು ರೂಢಿಗೆ ಬಂದಿದೆ. ಪರ್ಲ್‌ಮನ್ ಅವರೇ ತಮ್ಮ ಮರಕ್ಕೆ ಬದಲಾಗಿ, ಫ್ರೇಮಿಗೆ ಹೆಜ್ಜೆಯ ಎಣಿಕೆಯನ್ನು ಕೊಡುವ ಹೊಸ ಕ್ರಮವೊಂದನ್ನು ರೂಪಿಸಿದರು. ತಮ್ಮ ಪ್ರಸಿದ್ಧ ಕೃತಿಯನ್ನು ತಾವೇ ಮೂಲೆಗಿಡಲು ಹೊರಟವರು ವಿಜ್ಞಾನದಲ್ಲಿ ಹೆಚ್ಚು ಮಂದಿಯಿಲ್ಲ.

ಯಂತ್ರಗಳ ವಿಷಯ ಇಷ್ಟು ಸಾಕು. ಮನುಷ್ಯರ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗಿದೆ. ಬದಲಿ ದಾರಿಯು ಎಷ್ಟು ಸೊಗಸಾಗಿ ಕೆಲಸಕ್ಕೆ ಬರುತ್ತದೆಯೋ, ಮೊದಲನೆಯ ದಾರಿ ಕೆಟ್ಟಿತೆಂಬುದು ಅಷ್ಟೇ ಸುಲಭವಾಗಿ ನಮ್ಮಿಂದ ಮರೆಯಾಗುತ್ತದೆ. ಯಾರೂ ದೂರು ಕೊಡುವುದಿಲ್ಲವಾದುದರಿಂದ ಯಾರೂ ರಿಪೇರಿ ಮಾಡುವುದಿಲ್ಲ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಕೆಡುವ ಕೊಂಡಿಯೊಂದನ್ನು ಊಹಿಸಿ. ವಿಕಿರಣಶೀಲ ಕ್ಷಯಕ್ಕೆ ನಾವು ಬಳಸುವ ಘಾತೀಯ ನಿಯಮವನ್ನೇ ಇಲ್ಲಿಯೂ ಬಳಸಬಹುದು. ಮೊದಲನೆಯದು ಕೆಟ್ಟ ದಿನವೇ ಸರಿಪಡಿಸಿದರೆ, ಆ ಒಂದು ದಿನದಲ್ಲಿ ಎರಡನೆಯದೂ ಕೆಡುವ ಸಂಭವವು ಸುಮಾರು ೩೬೫ರಲ್ಲಿ ಒಂದು. ಆರು ತಿಂಗಳು ಯಾರೂ ನೋಡದಿದ್ದರೆ ಅದೇ ಸಂಭವವು ಹತ್ತರಲ್ಲಿ ನಾಲ್ಕಕ್ಕೆ ಏರುತ್ತದೆ. ಎರಡೂ ಸಂದರ್ಭಗಳಲ್ಲಿ ತಂತಿಗಳು ಎರಡೇ, ಖರ್ಚು ಒಂದೇ. ವ್ಯತ್ಯಾಸವೆಲ್ಲ ಗಮನದಲ್ಲಿದೆ. ಆದುದರಿಂದ ದಾರಿ ಬದಲಾದಾಗಲೆಲ್ಲ ಒಬ್ಬ ಹೊಣೆಗಾರನಿಗೆ ಸುದ್ದಿ ಮುಟ್ಟುವ ಏರ್ಪಾಡಿಲ್ಲದಿದ್ದರೆ, ಎರಡನೆಯ ತಂತಿಯನ್ನು ಹಾಕಿಸಿದ್ದು ವ್ಯರ್ಥವೆಂದೇ ನಾನು ಹೇಳುತ್ತೇನೆ. ಅಷ್ಟೇ ಅಲ್ಲದೆ, ಗೊತ್ತುಮಾಡಿದ ದಿನದಂದು ಮೊದಲನೆಯ ತಂತಿಯನ್ನು ಬೇಕೆಂದೇ ಕಿತ್ತು ನೋಡಬೇಕು.

ಈ ಕಡೆಯ ಮಾತಿಗೆ ನಮ್ಮ ಸಮಿತಿಯಲ್ಲಿಯೇ ವಿರೋಧವಿತ್ತು. ಸರಿಯಾಗಿ ನಡೆಯುತ್ತಿರುವುದನ್ನು ಏಕೆ ಕೆಡಿಸಬೇಕೆಂದು ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ಕಿತ್ತಾಗ ಏನಾದರೂ ಆದರೆ ಹೊಣೆ ಯಾರದೆಂಬುದು ಅವರ ಚಿಂತೆ. ಅದು ನ್ಯಾಯವಾದ ಚಿಂತೆಯೇ. ಕೀಳದಿದ್ದರೆ ಅದು ತಾನಾಗಿಯೇ, ಅಂಕಗಳನ್ನು ಕಳುಹಿಸುವ ದಿನವೇ ಕೀಳಬಹುದೆಂದು ನಾನು ಹೇಳಿದೆನು. ಕಡೆಗೆ ಭಾನುವಾರವೊಂದನ್ನು ಒಪ್ಪಿದರು. ಕಚೇರಿಯ ಕಟ್ಟಡಕ್ಕೂ ವಿಜ್ಞಾನದ ಕಟ್ಟಡಕ್ಕೂ ನಡುವೆ, ಆಗಸ್ಟಿನ ಘಟನೆಯ ತರುವಾಯ, ಎರಡು ಬೇರೆ ಬೇರೆ ಗೋಡೆಗಳ ಮೇಲೆ ಎರಡು ಕೇಬಲುಗಳನ್ನು ಎಳೆಸಿದ್ದೆವು. ಸ್ಪ್ಯಾನಿಂಗ್ ಟ್ರೀಯನ್ನೂ ಮತ್ತೆ ಹೊತ್ತಿಸಿದ್ದೆವು. ಮೊದಲನೆಯದನ್ನು ಕಿತ್ತೆನು. ಒಂದು ನಿಮಿಷ ಕಾದೆವು, ಎರಡು ನಿಮಿಷ ಕಾದೆವು. ವಿಜ್ಞಾನದ ಕಟ್ಟಡವು ಸತ್ತೇ ಇತ್ತು. ಆಚೆಗೆ ಹೋಗಿ ನೋಡಿದರೆ, ಎರಡನೆಯ ಕೇಬಲಿನ ತುದಿಯನ್ನು ಕಿತ್ತು ಮೇಲಕ್ಕೆ ಸುತ್ತಿಟ್ಟು, ಆ ಪೋರ್ಟಿಗೆ ಕಾವಲು ಕ್ಯಾಮೆರಾವೊಂದನ್ನು ಸಿಕ್ಕಿಸಿದ್ದರು. ಎಂದಿನಿಂದ ಹಾಗಿತ್ತೆಂಬುದನ್ನು ಯಾರೂ ಹೇಳಲಾರದೆ ಹೋದರು. ಅಷ್ಟು ದಿನವೂ ನಾವು ಎರಡು ದಾರಿಗಳಿವೆಯೆಂಬ ಧೈರ್ಯದಲ್ಲಿ ಒಂದೇ ದಾರಿಯಲ್ಲಿ ನಡೆದಿದ್ದೆವು.

ಈ ಬಗೆಯ ಕಲಿಕೆಯು ನಮ್ಮ ತರಗತಿಗಳಲ್ಲಿ ಇಲ್ಲ. ನಕ್ಷತ್ರಾಕಾರದ ಜಾಲ, ಉಂಗುರಾಕಾರದ ಜಾಲ ಎಂದು ಚಿತ್ರ ಬರೆಸಿ, ಗುಣದೋಷಗಳನ್ನು ಕಂಠಪಾಠ ಮಾಡಿಸಿ, ಐದು ಅಂಕ ಕೊಟ್ಟು ಮುಗಿಸುತ್ತೇವೆ. ಓಮನ ನಿಯಮವನ್ನು ತಂತಿ ಮುಟ್ಟದೆ ಕಲಿಸುವುದನ್ನು ಯಾವ ಭೌತವಿಜ್ಞಾನದ ಅಧ್ಯಾಪಕನೂ ಒಪ್ಪುವುದಿಲ್ಲ. ಜಾಲಗಳಿಗೆ ಮಾತ್ರ ಈ ವಿನಾಯಿತಿ ಏಕೆ? ಕಚೇರಿಗಳು ಮೂಲೆಗೆಸೆದ ಹಳೆಯ ಸ್ವಿಚ್ಚುಗಳು ಮೂರು ಸಿಕ್ಕಿದರೆ ಪ್ರಯೋಗಾಲಯ ಸಿದ್ಧವಾಯಿತು. ಆದರೆ ಈ ವ್ಯವಸ್ಥೆಯನ್ನು ಅರಿತ ಸ್ವಿಚ್ಚುಗಳೇ ಬೇಕು, ಕಡಿಮೆ ಬೆಲೆಯವು ಹಲವಕ್ಕೆ ಇದು ತಿಳಿಯದು. ಅವುಗಳನ್ನು ತ್ರಿಕೋನವಾಗಿ ಜೋಡಿಸಿ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸೆಕೆಂಡಿಗೊಮ್ಮೆ ‘ಇದ್ದೀಯಾ’ ಎಂದು ಕೇಳಿಸುತ್ತ, ಕೆಲಸ ಮಾಡುತ್ತಿರುವ ತಂತಿಯನ್ನು ಕಿತ್ತು, ತಪ್ಪಿದ ಉತ್ತರಗಳನ್ನು ಎಣಿಸಬೇಕು.

ನಮ್ಮ ಎರಡನೆಯ ವರ್ಷದ ಇಬ್ಬರು ವಿದ್ಯಾರ್ಥಿನಿಯರು ಇದನ್ನು ಮಾಡಿ ನೋಡಿದರು. ಹಳೆಯ ಕ್ರಮದಲ್ಲಿ ಮೂವತ್ತೊಂದು ಉತ್ತರಗಳು ತಪ್ಪಿದುವು. ಹದಿನೈದು ಮತ್ತು ಹದಿನೈದರ ಲೆಕ್ಕ ಕಣ್ಣಿಗೆ ಕಂಡಿತು. ತ್ವರಿತ ಕ್ರಮಕ್ಕೆ ಬದಲಾಯಿಸಿ ಮತ್ತೆ ತಂತಿಯನ್ನು ಕಿತ್ತಾಗ ತಪ್ಪಿದುದು ಒಂದೇ ಒಂದು. ಅವರಲ್ಲಿ ಒಬ್ಬಳು ನಂಬದೆ, ಕಿತ್ತ ತಂತಿಯನ್ನು ನನ್ನ ಕಡೆಗೆ ಎತ್ತಿ ಹಿಡಿದು, “ಸಾರ್, ನಾನು ಕಿತ್ತಿದ್ದು ಇದೇ ತಾನೆ?” ಎಂದು ಕೇಳಿದಳು.